2024ರ ಲೋಕಸಭಾ ಚುನಾವಣೆಯ ನಂತರ ಕರ್ನಾಟಕದ ಜನಾಭಿಪ್ರಾಯ

2024ರ ಏಪ್ರಿಲ್ 26 ಮತ್ತು ಮೇ 7ರಂದು ಎರಡು ಹಂತಗಳಲ್ಲಿ ನಡೆದ 18ನೆಯ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ ಭಾರತೀಯ ಜನತಾ ಪಕ್ಷವು 17, ಕಾಂಗ್ರೆಸ್ 9 ಹಾಗೂ ಜನತಾದಳ (ಜಾತ್ಯತೀತ) 2 ಸ್ಥಾನಗಳನ್ನು ಗಳಿಸಿದವು. ಇದಕ್ಕೆ ಒಂದು ವರ್ಷ ಮೊದಲು, 2023ರ ಮೇ ತಿಂಗಳಿನಲ್ಲಿ, ವಿಧಾನಸಭೆಯ 224 ಸ್ಥಾನಗಳಲ್ಲಿ 135ನ್ನು ಗೆದ್ದು ಕಾಂಗ್ರೆಸ್ ಅಧಿಕಾರಕ್ಕೆ ಬಂದಿತ್ತು. ಲೋಕಸಭಾ ಫಲಿತಾಂಶ ಬಂದ ಐದು ತಿಂಗಳಿಗೆ ನಡೆದ ಮೂರು ಉಪಚುನಾವಣೆಗಳಲ್ಲಿಯೂ ಅದೇ ಪಕ್ಷ ಜಯಗಳಿಸಿತು. ಹದಿನೆಂಟು ತಿಂಗಳಲ್ಲಿ ರಾಜ್ಯದ ಮನಸ್ಸು ಎರಡು ಬಾರಿ ಮಗುಚಿತೆಂಬ ವ್ಯಾಖ್ಯಾನ ಇದರಿಂದ ಪ್ರಚಾರಕ್ಕೆ ಬಂದಿತು. ಮತಗಳ ಲೆಕ್ಕ ಈ ವ್ಯಾಖ್ಯಾನವನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ.

ಸ್ಥಾನಗಳು ಮತ್ತು ಮತಗಳು

2023ರಲ್ಲಿ ಕಾಂಗ್ರೆಸ್ ಪಡೆದ ಮತಪ್ರಮಾಣ ಶೇಕಡ 43ರ ಆಸುಪಾಸಿನಲ್ಲಿತ್ತು. 2024ರಲ್ಲಿ ಅದು ಶೇಕಡ 45ನ್ನು ದಾಟಿತು. ಅಂದರೆ, ಸೋತಿತೆಂದು ಹೇಳಲಾದ ಪಕ್ಷದ ಮತ ಕುಗ್ಗಿರಲಿಲ್ಲ, ಹೆಚ್ಚಿತ್ತು. ಬದಲಾದದ್ದು ಎದುರಾಳಿಗಳ ವ್ಯೂಹ. 2023ರಲ್ಲಿ ಪ್ರತ್ಯೇಕವಾಗಿ ಸ್ಪರ್ಧಿಸಿದ್ದ ಭಾಜಪ (ಸುಮಾರು ಶೇಕಡ 36) ಮತ್ತು ಜನತಾದಳ (ಸುಮಾರು ಶೇಕಡ 13) ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೈತ್ರಿ ಮಾಡಿಕೊಂಡವು. ಅವುಗಳ ಒಟ್ಟು ಮತ 49ರಿಂದ ಶೇಕಡ 51ರ ಮೇಲಕ್ಕೆ ಏರಿತಷ್ಟೆ. ಬಹುಪಾಲು ಮತದಾರರು ತಾವು ನಿಂತಲ್ಲಿಯೇ ನಿಂತಿದ್ದರು. ಅವರ ಕಾಲಡಿಯ ಗಡಿರೇಖೆ ಸರಿಯಿತು ಎನ್ನುವುದೇ ಹೆಚ್ಚು ಸರಿ. ಗ್ಯಾರಂಟಿ ಯೋಜನೆಗಳು ಫಲಕೊಡಲಿಲ್ಲವೆಂಬ ಆಗಿನ ಟೀಕೆಯನ್ನೂ ಈ ಹಿನ್ನೆಲೆಯಲ್ಲಿ ಎಚ್ಚರದಿಂದ ಓದಬೇಕಾಗುತ್ತದೆ.

ಆದರೆ ಎರಡು ಪಕ್ಷಗಳು ಕೈಜೋಡಿಸಿದ ಮಾತ್ರಕ್ಕೆ ಮತಗಳು ಕೂಡಿಕೊಳ್ಳುವುದಿಲ್ಲ. 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಮತ್ತು ಜನತಾದಳ ಪಡೆದ ಮತಗಳ ಮೊತ್ತ ಶೇಕಡ 56ರಷ್ಟಿತ್ತು. ಮರುವರ್ಷ ಇವೆರಡೂ ಒಟ್ಟಾಗಿ ಲೋಕಸಭೆಗೆ ಸ್ಪರ್ಧಿಸಿದಾಗ ಅದು ಶೇಕಡ 42ಕ್ಕಿಂತ ಕೆಳಗಿಳಿದು, ಎರಡಕ್ಕೂ ಒಂದೊಂದೇ ಸ್ಥಾನ ದಕ್ಕಿತು; ಭಾಜಪ 25ನ್ನು ಗೆದ್ದಿತು. ಹಳ್ಳಿಯಲ್ಲಿ ದಶಕಗಳಿಂದ ಎದುರುಬದುರಾಗಿದ್ದ ಕಾರ್ಯಕರ್ತರು ನಾಯಕರ ಒಪ್ಪಂದಕ್ಕಾಗಿ ಒಂದಾಗಲಿಲ್ಲ. ರಾಜ್ಯಕ್ಕೊಂದು, ದೆಹಲಿಗೊಂದು ಎಂದು ಮತದಾರ ಬೇರೆಬೇರೆಯಾಗಿ ಯೋಚಿಸುವುದೂ ಇಲ್ಲಿ ಹೊಸದಲ್ಲ. 1984ರ ಡಿಸೆಂಬರಿನಲ್ಲಿ 28ರಲ್ಲಿ 24 ಲೋಕಸಭಾ ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟ ರಾಜ್ಯವೇ 1985ರ ಮಾರ್ಚಿನಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯ 139 ಸ್ಥಾನಗಳನ್ನು ನೀಡಿತು.

ಉಪಚುನಾವಣೆಗಳು

ಶಾಸಕರು ಸಂಸದರಾಗಿ ಆಯ್ಕೆಯಾದುದರಿಂದ ತೆರವಾದ ಸಂಡೂರು, ಶಿಗ್ಗಾಂವಿ ಮತ್ತು ಚನ್ನಪಟ್ಟಣ ಕ್ಷೇತ್ರಗಳಿಗೆ 2024ರ ನವೆಂಬರ್ 13ರಂದು ಮತದಾನ ನಡೆಯಿತು. ಸಂಡೂರು ಮೊದಲೇ ಕಾಂಗ್ರೆಸ್ ವಶದಲ್ಲಿದ್ದುದರಿಂದ ಅಲ್ಲಿನ ಫಲಿತಾಂಶ ವಿಶೇಷವಲ್ಲ. ಬಸವರಾಜ ಬೊಮ್ಮಾಯಿಯವರು 2008ರಿಂದ ಪ್ರತಿನಿಧಿಸುತ್ತಿದ್ದ ಶಿಗ್ಗಾಂವಿಯಲ್ಲಿ ಅವರ ಪುತ್ರ ಸೋತರು. ಎಚ್.ಡಿ. ಕುಮಾರಸ್ವಾಮಿಯವರು ತೆರವುಮಾಡಿದ ಚನ್ನಪಟ್ಟಣದಲ್ಲಿ ನಿಖಿಲ್ ಕುಮಾರಸ್ವಾಮಿಯವರನ್ನು ಸಿ.ಪಿ. ಯೋಗೇಶ್ವರ್ ಪರಾಭವಗೊಳಿಸಿದರು. ಇದೇ ಚನ್ನಪಟ್ಟಣವನ್ನೊಳಗೊಂಡ ಬೆಂಗಳೂರು ಗ್ರಾಮಾಂತರ ಕ್ಷೇತ್ರದಲ್ಲಿ ಮೈತ್ರಿಯ ಅಭ್ಯರ್ಥಿ ಡಾ. ಸಿ.ಎನ್. ಮಂಜುನಾಥ್ ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದು ಆರು ತಿಂಗಳೂ ಕಳೆದಿರಲಿಲ್ಲ. ಯೋಗೇಶ್ವರ್ ಭಾಜಪವನ್ನು ತೊರೆದು ಕಾಂಗ್ರೆಸ್ ಸೇರಿದ್ದು ಉಪಚುನಾವಣೆಯ ಹೊಸ್ತಿಲಲ್ಲಿ. ಇಲ್ಲಿ ಬದಲಾದದ್ದು ಜನಾಭಿಪ್ರಾಯವೋ ಅಭ್ಯರ್ಥಿಯ ಪಕ್ಷವೋ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ತುಮಕೂರು ರಸ್ತೆಯ ಕೈಗಾರಿಕಾ ವಲಯ

ಪೀಣ್ಯದಿಂದ ಮಾದನಾಯಕನಹಳ್ಳಿಯ ಮೂಲಕ ನೆಲಮಂಗಲದವರೆಗೆ ಹಬ್ಬಿರುವ ಕಾರ್ಖಾನೆ, ಗೋದಾಮು ಮತ್ತು ಬಾಡಿಗೆ ವಠಾರಗಳ ಪ್ರದೇಶದಲ್ಲಿ ಜನಾಭಿಪ್ರಾಯವನ್ನು ಅಳೆಯುವುದು ಇನ್ನೂ ಕಷ್ಟ. ಇಲ್ಲಿ ದುಡಿಯುವ ಅನೇಕರು ಉತ್ತರ ಕರ್ನಾಟಕದಿಂದ ಹಾಗೂ ಹೊರರಾಜ್ಯಗಳಿಂದ ಬಂದವರು. ಅವರಲ್ಲಿ ಬಹಳ ಮಂದಿಯ ಹೆಸರು ಊರಿನ ಮತದಾರರ ಪಟ್ಟಿಯಲ್ಲಿಯೇ ಇರುತ್ತದೆ. 2024ರಲ್ಲಿ ಬೆಂಗಳೂರಿನ ಸುತ್ತಮುತ್ತ ಮತದಾನ ನಡೆದದ್ದು ಏಪ್ರಿಲ್ 26ರ ಶುಕ್ರವಾರ. ರಾಯಚೂರು, ಕಲಬುರಗಿ ಕಡೆಗೆ ಮೇ 7ರ ಮಂಗಳವಾರ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಂ ಮತದಾನದ ದಿನ ವೇತನಸಹಿತ ರಜೆಯ ಹಕ್ಕನ್ನು ಕೊಡುತ್ತದೆ. ರಾಯಚೂರಿಗೆ ಹೋಗಿಬರಲು ಒಂದು ದಿನದ ರಜೆ ಸಾಲದು. ಬಸ್ಸಿನ ಖರ್ಚು ಬೇರೆ. ಹೋಗದೆ ಉಳಿದವರ ಮತ ಊರಿನಲ್ಲಿಯೂ ಇಲ್ಲ, ದುಡಿಯುವಲ್ಲಿಯೂ ಇಲ್ಲ.

ಎರಡು ದೊಡ್ಡ ಚುನಾವಣೆಗಳ ನಡುವೆ ಅಭಿಪ್ರಾಯ ವ್ಯಕ್ತವಾಗಬೇಕಾದ ಸ್ಥಳ ಸ್ಥಳೀಯ ಸಂಸ್ಥೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ, ರಾಜ್ಯದ ಜಿಲ್ಲಾ ಹಾಗೂ ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದಿತ್ತು. 2024ರ ಲೋಕಸಭಾ ಚುನಾವಣೆಯ ಹೊತ್ತಿಗೂ ಇವುಗಳಿಗೆ ಮರುಚುನಾವಣೆ ನಡೆದಿರಲಿಲ್ಲ. ಕುಡಿಯುವ ನೀರು, ಚರಂಡಿ, ಕಸವಿಲೇವಾರಿಯ ಬಗೆಗಿನ ಅಸಮಾಧಾನವೂ ಹೀಗೆ ಪ್ರಧಾನಮಂತ್ರಿಯನ್ನೋ ಮುಖ್ಯಮಂತ್ರಿಯನ್ನೋ ಆರಿಸುವ ಮತಪೆಟ್ಟಿಗೆಗೇ ಬಂದು ಸೇರುತ್ತಿತ್ತು.