ಅಕ್ಷರದ ಬದಲು ಕಪ್ಪು ವಜ್ರ: ಫಾಂಟ್‌ನ ತಪ್ಪೇ?

ಅಕ್ಷರದ ಜಾಗದಲ್ಲಿ ಪ್ರಶ್ನೆಗುರುತಿನ ಕಪ್ಪು ವಜ್ರ ಕಂಡರೆ ಹಲವರು ಫಾಂಟನ್ನು ದೂರುತ್ತಾರೆ. ಖಾಲಿ ಚೌಕವಾದರೆ ಆ ಮಾತು ಸರಿ; ವಜ್ರದ ಕಥೆ ಬೇರೆ. ಯುಟಿಎಫ್-8 ಸಂಕೇತದಲ್ಲಿ ‘ಕ’ ಎಂದರೆ 224, 178, 149 ಎಂಬ ಮೂರು ಬೈಟ್‌ಗಳು. ಎರಡಕ್ಕೇ ಕತ್ತರಿಸಿದರೆ ಉಳಿದದ್ದು ಅಕ್ಷರವೇ ಅಲ್ಲ.

ಇದು ಬರೀ ಕಣ್ಣಿನ ಕಿರಿಕಿರಿಯಲ್ಲ. ಓರೆಗೆರೆಗೆ (/) 47 ಎಂಬ ಒಂದೇ ಬೈಟ್ ಸಾಕು. ಅದನ್ನೇ 192, 175 ಎಂದು ಹಿಗ್ಗಿಸಿ ಬರೆಯುವುದು ನಿಯಮಬಾಹಿರ. ಮೈಕ್ರೋಸಾಫ್ಟ್‌ನ ಐಐಎಸ್ ಸರ್ವರ್ ಅದನ್ನು ತಿರಸ್ಕರಿಸದೆ ಓರೆಗೆರೆಯೆಂದೇ ಓದುತ್ತಿತ್ತು, ಅದೂ ವಿಳಾಸದ ಭದ್ರತಾ ತಪಾಸಣೆ ಮುಗಿದ ಮೇಲೆ! 2001ರ ನಿಮ್ಡಾ ವರ್ಮ್ ಈ ಕಿಂಡಿಯಿಂದಲೂ ನುಗ್ಗಿತು.

ಇಂದು ರಸ್ಟ್ ಭಾಷೆಯ ಲೈಬ್ರರಿ ಬೈಟ್‌ಗಳನ್ನು ಪರೀಕ್ಷಿಸಿಯೇ ಸ್ಟ್ರಿಂಗ್ ಆಗಿಸುತ್ತದೆ; ತಪ್ಪಿದ್ದರೆ ದೋಷವೆಂದು ತಿಳಿಸುತ್ತದೆ. ತಪ್ಪು ಬೈಟನ್ನು ಸದ್ದಿಲ್ಲದೆ ಅಳಿಸುವುದೂ ಸಲ್ಲದು: ಆಚೀಚೆಯ ತುಂಡುಗಳು ಕೂಡಿ, ತಪಾಸಣೆ ತಡೆಯಬೇಕಿದ್ದ ಪದವೇ ಮೂಡಬಹುದು.