'ಅಗ್ನಿಮಣಿ' ಚಂದ್ರನಿಂದ ಬಿದ್ದ ಕಲ್ಲೇ? ಟೆಕ್ಟೈಟ್ ಗಾಜು ಹೇಳುವುದೇ ಬೇರೆ

ಹಳೇಕೋಟೆ ಕಡೆಯ ಓದುಗರೊಬ್ಬರು ಹೊಲ ಉಳುವಾಗ ಸಿಕ್ಕ ಕಪ್ಪು ಕಲ್ಲಿನ ಫೋಟೊ ಕಳಿಸಿದ್ದರು. ಜೊತೆಗೊಂದು ಫಾರ್ವರ್ಡ್: ಅಗ್ನಿಮಣಿ ಚಂದ್ರನಿಂದ ಬಿದ್ದದ್ದು, ಬೆಲೆ ಲಕ್ಷಗಟ್ಟಲೆ. ಗಿರಾಕಿ ಹುಡುಕಿಕೊಡುತ್ತೇನೆ, ಮೊದಲು ಹತ್ತು ಸಾವಿರ ಕಟ್ಟಿ ಎಂದು ಯಾರೋ ಫೋನ್ ಮಾಡುತ್ತಿದ್ದಾರಂತೆ. ಮೊದಲೇ ಹೇಳಿಬಿಡುತ್ತೇವೆ, ಕಟ್ಟಬೇಡಿ.

ಅಗ್ನಿಮಣಿ ಎಂದು ಮಾರುವುದು ಟೆಕ್ಟೈಟ್ ಎಂಬ ನೈಸರ್ಗಿಕ ಗಾಜನ್ನು. ಇದು ಚಂದ್ರನದು ಎಂದು ಹಿಂದೆ ಕೆಲವು ವಿಜ್ಞಾನಿಗಳೂ ವಾದಿಸಿದ್ದರು, ಹಾಗಾಗಿ ಫಾರ್ವರ್ಡ್ ಬರೆದವರನ್ನಷ್ಟೇ ದೂರುವಂತಿಲ್ಲ. 1969ರಲ್ಲಿ ಅಪೊಲೊ 11 ಚಂದ್ರನ ಕಲ್ಲು ತಂದಿತು. ಅದರಲ್ಲಿ ಸಿಲಿಕಾ ಸುಮಾರು ಶೇ. 40ರಷ್ಟು. ಟೆಕ್ಟೈಟ್‌ನಲ್ಲಿ ಸಾಮಾನ್ಯವಾಗಿ ಶೇ. 65ರಿಂದ 80. ಈ ಲೆಕ್ಕ ಹೊಂದುವುದು ನಮ್ಮ ಭೂಖಂಡಗಳ ಮರಳು, ಜೇಡಿಗಲ್ಲುಗಳಿಗೆ.

ಹಾಗಾದರೆ ಜ್ವಾಲಾಮುಖಿಯ ಗಾಜಿರಬಹುದಲ್ಲ? ಅಲ್ಲ. ಜ್ವಾಲಾಮುಖಿ ಗಾಜಾದ ಅಬ್ಸಿಡಿಯನ್‌ನಲ್ಲಿ ಸಾಮಾನ್ಯವಾಗಿ ಶೇ. 0.1ಕ್ಕಿಂತ ಹೆಚ್ಚು ನೀರು ಸೇರಿರುತ್ತದೆ, ಟೆಕ್ಟೈಟ್‌ನಲ್ಲಿ ಶೇ. 0.02ರ ಒಳಗೆ. ಉಲ್ಕೆ ಅಪ್ಪಳಿಸಿದ ಕಾವಿಗೆ ಮಣ್ಣು ಕರಗಿ, ನೀರೆಲ್ಲ ಹಾರಿ, ಹನಿಗಳಾಗಿ ಚಿಮ್ಮಿ ದೂರ ಬಿದ್ದು ಗಟ್ಟಿಯಾದದ್ದು ಇದು. ಜೆಕ್ ದೇಶದ ಹಸಿರು ಮೊಲ್ಡವೈಟ್ ಸುಮಾರು 1.5 ಕೋಟಿ ವರ್ಷದ ಹಿಂದೆ ಜರ್ಮನಿಯ ರೀಸ್ ಕುಳಿಯಿಂದ ಹಾರಿ ಬಂದದ್ದು.

ನಮಗೆ ತುಂಬ ಹಿಡಿಸಿದ ಸುಳಿವು ಬೆರಿಲಿಯಂ-10. ಬ್ರಹ್ಮಾಂಡ ಕಿರಣಗಳಿಂದ ಗಾಳಿಯಲ್ಲಿ ಹುಟ್ಟಿ, ಮಳೆಯ ಜೊತೆ ಇಳಿದು ಮೇಲ್ಮಣ್ಣಿನಲ್ಲಿ ಸೇರುವ ಅಣು ಅದು. ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾಗಳ ಟೆಕ್ಟೈಟ್‌ಗಳಲ್ಲಿ ಅದಿದೆ. ಅಂದರೆ ಕರಗಿದ್ದು ಒಂದು ಕಾಲದಲ್ಲಿ ಮಳೆಗೆ ನೆನೆದ ನೆಲ! ಅದು ಕರಗಿದ್ದು ಸುಮಾರು 7.9 ಲಕ್ಷ ವರ್ಷದ ಹಿಂದೆ. ಅದೇ ಘಟನೆಯ ಒಂದು ಮಿಲಿಮೀಟರಿಗೂ ಚಿಕ್ಕ ಮಣಿಗಳು ಹಿಂದೂ ಮಹಾಸಾಗರದ ತಳದ ಕೆಸರಿನಲ್ಲೂ ಸಿಕ್ಕಿವೆ.

ಹಳೇಕೋಟೆಯ ಕಲ್ಲಿಗೆ ಬರೋಣ. ಹೊಳೆನರಸೀಪುರದ ಸುತ್ತ 300 ಕೋಟಿ ವರ್ಷ ಮೀರಿದ ಶಿಲಾಪಟ್ಟಿಯೇ ಇದೆ. ಅದರಲ್ಲಿ ಕಪ್ಪಗೆ, ಭಾರವಾಗಿರುವ ಆಂಫಿಬೊಲೈಟ್ ಧಾರಾಳ. ಒಡೆದರೆ ಸಣ್ಣ ಹರಳುಗಳು ಮಿನುಗುತ್ತವೆ. ಗಾಜಿನಲ್ಲಿ ಹರಳು ಕಾಣುವುದಿಲ್ಲ. ಫೋಟೊದಲ್ಲಿ ಮುರಿದ ಅಂಚು ಮಿನುಗುತ್ತಿತ್ತು.

ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಇನ್ನೊಂದು ಮಾತು. ಕರಗಿಸಿದ ಬಾಟಲಿ ಗಾಜು ನೋಡಲು, ತೂಗಲು ಟೆಕ್ಟೈಟ್‌ನಂತೆಯೇ ಇರಬಹುದು. ಆದರೆ ಬಾಟಲಿ ಗಾಜಿನಲ್ಲಿ ಸೋಡಿಯಂ ಆಕ್ಸೈಡ್ ಶೇ. 13ರ ಆಸುಪಾಸು, ಟೆಕ್ಟೈಟ್‌ನಲ್ಲಿ ಒಂದೆರಡು ಅಷ್ಟೇ. ಇದು ಪ್ರಯೋಗಾಲಯದಲ್ಲಿ ತಿಳಿಯುವುದೇ ಹೊರತು ವಾಟ್ಸ್‌ಆ್ಯಪ್ ಫೋಟೊದಲ್ಲಲ್ಲ.