ಕೆರೆಗೆ ಬಿಡುವ ಮೀನುಮರಿಯ ವಂಶವಿಚಾರ

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನರಿಯದ ಒಕ್ಕಲಿಗನಿಲ್ಲ. ಹಳ್ಳಿಕಾರ್ ಹೋರಿಯನ್ನು ಕೊಳ್ಳುವಾಗ ಅದರ ತಾಯಿತಂದೆಗಳನ್ನು ವಿಚಾರಿಸುವುದೂ, ರಾಗಿಯ ಬಿತ್ತನೆಗೆ ಬೆಂಕಿರೋಗ ತಗಲದ ತೆನೆಗಳನ್ನು ಆರಿಸಿಡುವುದೂ ಈ ನಾಡಿನಲ್ಲಿ ಪೂರ್ವದಿಂದ ನಡೆದುಬಂದ ಪದ್ಧತಿ. ರೇಷ್ಮೆ ಸಾಕುವವರಂತೂ ಗಂಟುರೋಗದ ಭಯದಿಂದ, ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಪಡೆದ ಮೊಟ್ಟೆಯನ್ನೇ ಬಯಸುತ್ತಾರೆ. ಹೀಗಿರುವಲ್ಲಿ, ಕೆರೆಗೆ ಮೀನುಮರಿಗಳನ್ನು ಬಿಡುವಾಗ ಮಾತ್ರ ಇದೇ ಜನರು ಸಾವಿರಕ್ಕೆ ಬೆಲೆಯೆಷ್ಟು ಎಂಬುದೊಂದನ್ನೇ ಕೇಳಿ, ಅವು ಯಾವ ಮೀನುಗಳ ಸಂತಾನವೆಂಬುದನ್ನು ಕೇಳದೆ ಬಿಡುವುದು ಆಶ್ಚರ್ಯಕರವು. ಹಲಸೂರಿನಿಂದ ಕೃಷ್ಣರಾಜಪುರದವರೆಗೂ, ಅದರಾಚೆಗೂ ಇರುವ ಕೆರೆಗಳ ಮೀನಿನ ಹುಟ್ಟುವಳಿಯು ಈ ಒಂದು ಪ್ರಶ್ನೆಯನ್ನು ಬಹುಮಟ್ಟಿಗೆ ಅವಲಂಬಿಸಿದೆ.

ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆಮೀನುಗಳು ಮೂಲತಃ ಗಂಗೆಯೇ ಮೊದಲಾದ ಉತ್ತರದ ನದಿಗಳವು. ಕೆರೆಯ ನಿಂತ ನೀರಿನಲ್ಲಿ ಅವು ತಾವಾಗಿ ಮೊಟ್ಟೆಯಿಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುನ್ಹಿ ಎಂಬ ವಿದ್ವಾಂಸರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಮೊಟ್ಟೆಯಿಡಿಸುವ ಕ್ರಮವನ್ನು ಸಾಧಿಸಿದ ಮೇಲೆ, ಮರಿಗಾಗಿ ನದಿಯ ಪ್ರವಾಹವನ್ನು ಕಾಯುವ ಕಷ್ಟ ತಪ್ಪಿತು. ಆದರೆ ಅನುಕೂಲದ ಬೆನ್ನಿಗೇ ಒಂದು ದೋಷವೂ ಬಂದಿತು. ಬಲಿತ ಹೆಣ್ಣುಮೀನೊಂದು ಲಕ್ಷಗಟ್ಟಲೆ ಮೊಟ್ಟೆಯಿಡುವುದರಿಂದ, ಕೆಲವೇ ಜೋಡಿಗಳಿಂದ ವರ್ಷದ ವ್ಯಾಪಾರವೆಲ್ಲ ನಡೆದುಹೋಗುತ್ತದೆ. ಆ ಮರಿಗಳಲ್ಲಿಯೇ ಕೆಲವನ್ನು ಮುಂದಿನ ತಾಯಿತಂದೆಗಳಾಗಿ ಉಳಿಸಿಕೊಂಡರೆ ಒಡಹುಟ್ಟಿದವುಗಳಲ್ಲೇ ಕೂಡಿಕೆಯಾಗುತ್ತದೆ. ಲೆಕ್ಕವು ಸುಲಭವಾಗಿದೆ: 5 ಗಂಡು, 5 ಹೆಣ್ಣುಗಳಿಂದ ಸಂತಾನವನ್ನು ಮುಂದುವರಿಸಿದರೆ ಪ್ರತಿ ತಲೆಮಾರಿನಲ್ಲಿಯೂ ಒಳಸಂಕರವು ಶೇಕಡಾ 5ರಷ್ಟು ಏರುವುದು, 50 ಗಂಡು, 50 ಹೆಣ್ಣುಗಳಿದ್ದಲ್ಲಿ ಅದು ಅರ್ಧ ಶೇಕಡಾವನ್ನು ಮೀರದು. ಇದು ಬರಿಯ ಊಹೆಯಲ್ಲ. ಅಂಬೇಕರ್ ಏಕನಾಥ್ ಮತ್ತು ರೋಜರ್ ಡಾಯ್ಲ್ ಎಂಬವರು ಕರ್ನಾಟಕದ್ದೇ ಮರಿ ಉತ್ಪಾದನಾ ಕೇಂದ್ರಗಳನ್ನು ಪರಿಶೀಲಿಸಿ 1990ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಒಳಸಂಕರದ ವೇಗವು ಶೇಕಡಾ 2ರಿಂದ 17ರವರೆಗೆ ಇರುವುದೆಂದು ಗಣಿಸಿದರು. ಒಳಸಂಕರ ಹೆಚ್ಚಿದಂತೆ ಬೆಳವಣಿಗೆ ಕುಂದುವುದು, ರೋಗವನ್ನೆದುರಿಸುವ ಶಕ್ತಿಯೂ ಕ್ಷೀಣಿಸುವುದು.

ಇದಕ್ಕೆ ಪರಿಹಾರವು ದೇಶದಲ್ಲಿಯೇ ಉಂಟು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮತ್ಸ್ಯಕೃಷಿ ಸಂಸ್ಥೆಯವರು ನಾರ್ವೆ ದೇಶದ ತಜ್ಞರ ಸಹಾಯದಿಂದ 1992ರಲ್ಲಿ ಕಾರ್ಯವನ್ನಾರಂಭಿಸಿ, ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರಾ ನದಿಗಳ ರೋಹುಮೀನುಗಳನ್ನು ತಂದು, ತಮ್ಮಲ್ಲಿದ್ದ ಸಾಕಣೆಯ ಮೀನುಗಳೊಡನೆ ಸೇರಿಸಿ, ತಲೆಮಾರು ತಲೆಮಾರಿಗೂ ಉತ್ತಮವಾದವುಗಳನ್ನೇ ಆರಿಸುತ್ತ ಬಂದರು. ಸ್ವಾತಂತ್ರ್ಯದ 50ನೆಯ ವರ್ಷವಾದ 1997ರಲ್ಲಿ ಈ ತಳಿಯು 'ಜಯಂತಿ' ರೋಹು ಎಂಬ ಹೆಸರಿನಿಂದ ಹೊರಬಂದಿತು. ಬೆಳವಣಿಗೆಯಲ್ಲಿ ಪ್ರತಿ ತಲೆಮಾರಿಗೆ ಸುಮಾರು ಶೇಕಡಾ 17ರ ಲಾಭ ದೊರೆಯಿತು. ಅನಂತರ, ಮೈಮೇಲೆ ಹುಣ್ಣು, ರಕ್ತಸ್ರಾವಗಳನ್ನುಂಟುಮಾಡುವ ಏರೋಮೊನಾಸ್ ಹೈಡ್ರೋಫಿಲಾ ಎಂಬ ರೋಗಾಣುವನ್ನು ತಡೆಯುವ ಶಕ್ತಿಗಾಗಿಯೂ ಆಯ್ಕೆ ನಡೆಯಿತು.

ಆಯ್ಕೆಯ ಕ್ರಮವು ತಿಳಿಯತಕ್ಕದ್ದು. ರೋಗಾಣುವನ್ನು ಚುಚ್ಚಿದ ಮೀನನ್ನು ಮರಿಗಾಗಿ ಉಪಯೋಗಿಸಲಾಗದು. ಆದಕಾರಣ ಪ್ರತಿಯೊಂದು ಕುಟುಂಬದ ಮರಿಗಳಿಗೂ ದೇಹದೊಳಗೆ ಅಕ್ಕಿಕಾಳಿನಂತಹ ಗುರುತನ್ನು ಸೇರಿಸಿ, ಕೆಲವನ್ನು ರೋಗಪರೀಕ್ಷೆಗೊಡ್ಡಿ, ಯಾವ ಕುಟುಂಬದಲ್ಲಿ ಹೆಚ್ಚು ಮೀನುಗಳು ಬದುಕಿದವೋ ಆ ಕುಟುಂಬದ, ಪರೀಕ್ಷೆಗೊಳಗಾಗದ ಒಡಹುಟ್ಟುಗಳನ್ನು ತಾಯಿತಂದೆಗಳಾಗಿ ಇರಿಸುತ್ತಾರೆ. ಹೀಗೆ ಬೆಳೆಸಿದ ನಿರೋಧಕ ಸಂತಾನದಲ್ಲಿ ಬಹುಪಾಲು ಮೀನುಗಳು ಬದುಕಿದ ಪರೀಕ್ಷೆಯಲ್ಲಿ, ದುರ್ಬಲ ಕುಟುಂಬಗಳ ಸಂತಾನದಲ್ಲಿ ಬಹುಪಾಲು ಸತ್ತವು. 2020ರಲ್ಲಿ ರೋಹುವಿನ ಸಮಗ್ರ ವಂಶಲಿಪಿ, ಅಂದರೆ ಜೀನೋಮ್ ಸಹ ಪ್ರಕಟವಾಯಿತು. ಇಂತಹ ಲಿಪಿಯ ಆಧಾರದಿಂದ, ಒಂದೇ ಕುಟುಂಬದೊಳಗೂ ಯಾವ ಮೀನು ಉತ್ತಮವೆಂಬುದನ್ನು ರೆಕ್ಕೆಯ ಚೂರೊಂದರಿಂದ ನಿರ್ಣಯಿಸುವ ಮಾರ್ಗ ತೆರೆದಿದೆ. ಎಳೆಯ ಸಾಲ್ಮನ್ ಮೀನುಗಳನ್ನು ಕೊಲ್ಲುವ ಐ.ಪಿ.ಎನ್. ಎಂಬ ವೈರಸ್ ರೋಗವನ್ನು ತಡೆಯುವ ಶಕ್ತಿಯ ಬಹುಭಾಗವು ಜೀನೋಮಿನ ಒಂದೇ ಸ್ಥಾನದಲ್ಲಿದೆಯೆಂದು ಸ್ಕಾಟ್ಲೆಂಡ್, ನಾರ್ವೆ ದೇಶಗಳಲ್ಲಿ 2008ರ ಸುಮಾರಿಗೆ ಕಂಡುಕೊಂಡು, ಆ ಗುರುತುಳ್ಳ ಮೊಟ್ಟೆಗಳನ್ನೇ ಸಾಕಣೆಗೆ ಕೊಟ್ಟ ಮೇಲೆ ನಾರ್ವೆಯಲ್ಲಿ ಆ ಪಿಡುಗು ಬಹಳವಾಗಿ ಇಳಿಯಿತು. ಎಲ್ಲ ರೋಗಗಳಿಗೂ ಇಷ್ಟು ಸುಲಭದ ಗುರುತು ಸಿಕ್ಕುವುದಿಲ್ಲ. ಅನೇಕ ರೋಗಗಳಲ್ಲಿ ಹಲವು ಜೀನುಗಳು ಸ್ವಲ್ಪ ಸ್ವಲ್ಪವಾಗಿ ಕೂಡಿ ಕೆಲಸಮಾಡುತ್ತವೆ.

ಆದರೂ ತಳಿಯೊಂದರಿಂದಲೇ ಸರ್ವವೂ ಸಾಧ್ಯವೆಂದು ಭಾವಿಸುವುದು ಪ್ರಮಾದ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುದನ್ನು ಬೆಂಗಳೂರಿನ ಜನರು ಮರೆತಿರಲಾರರು. ಅಲ್ಲಿ ಕೊರತೆಯಾದುದು ವಂಶಬಲವಲ್ಲ. ಊರ ಕೊಳಚೆ ಸೇರಿದ ನೀರಿನಲ್ಲಿ ಆಮ್ಲಜನಕವು ತೀರಿದುದೇ ಆ ಸಾವಿಗೆ ಕಾರಣವೆಂದು ಹೇಳಲಾಯಿತು. ಗೆಂಡೆಮೀನು ನೆಮ್ಮದಿಯಾಗಿ ಬೆಳೆಯಲು ಲೀಟರು ನೀರಿಗೆ ಸುಮಾರು 5 ಮಿಲಿಗ್ರಾಂ ಆಮ್ಲಜನಕ ಬೇಕು; ಉಸಿರು ಕಟ್ಟಿದ ಮೀನನ್ನು ಯಾವ ಜೀನೂ ಕಾಪಾಡದು. ಮೇಲಾಗಿ, ಏರೋಮೊನಾಸ್ ರೋಗಾಣುವು ಎಲ್ಲ ಕೆರೆಗಳಲ್ಲಿಯೂ ಸಾಮಾನ್ಯವಾಗಿ ಇದ್ದೇ ಇರುವುದು. ಕೆಟ್ಟ ನೀರಿನಿಂದ ಮೀನು ಬಳಲಿದಾಗಲೇ ಅದು ಮೇಲೆ ಬೀಳುವುದು. ಒಳ್ಳೆಯ ನೀರು ಮೊದಲು, ಒಳ್ಳೆಯ ಮರಿ ಅದರ ಜೊತೆಗೆ.

ಒಂದೆರಡು ವರ್ಷದ ಗುತ್ತಿಗೆದಾರನು ಅಗ್ಗದ ಮರಿಯನ್ನೇ ಬಯಸುವನೆಂಬ ಆಕ್ಷೇಪಣೆಯುಂಟು. ಅದು ನ್ಯಾಯವಲ್ಲದೆಯೂ ಇಲ್ಲ. ಆದುದರಿಂದಲೇ ಈ ಭಾರವನ್ನು ಅವನ ಮೇಲೆ ಹೊರಿಸದೆ, ಕೆರೆ ಯಾರ ಅಧೀನದಲ್ಲಿದೆಯೋ ಆ ಗ್ರಾಮದ ಮುಖಂಡರೂ ಭೂಮಾಲೀಕರೂ ವಹಿಸತಕ್ಕದ್ದು. ಮರಿಯನ್ನು ಕೊಡುವವರು ತಾಯಿತಂದೆಗಳ ಸಂಖ್ಯೆಯನ್ನೂ, ಅವನ್ನು ತಂದ ಸ್ಥಳವನ್ನೂ, ಹೊಸ ಮೀನುಗಳನ್ನು ಸೇರಿಸಿದ ವರ್ಷವನ್ನೂ ರಶೀದಿಯಲ್ಲಿ ಬರೆದುಕೊಡಬೇಕೆಂಬ ಷರತ್ತನ್ನು ಗುತ್ತಿಗೆಯ ಕರಾರಿನಲ್ಲಿ ಸೇರಿಸುವುದು ಯುಕ್ತವು. ಸುಧಾರಿತ ತಳಿಗಳ ವಿಚಾರವನ್ನು ತಿಳಿಯಲಿಚ್ಛಿಸುವವರಿಗೆ ಭುವನೇಶ್ವರದ ಸಂಸ್ಥೆಯ ಪ್ರಾದೇಶಿಕ ಕೇಂದ್ರವು ಹೆಸರಘಟ್ಟದಲ್ಲಿಯೇ ಇದೆ, ಬಹುದೂರ ಹೋಗಬೇಕಾದುದಿಲ್ಲ.

ಕೇಳುವವರಿಲ್ಲದಿರುವಾಗ ಮಾರುವವರು ಲೆಕ್ಕವಿಡುವುದಿಲ್ಲ. ಹತ್ತು ಊರಿನ ಮುಖಂಡರು ಒಂದೇ ಪ್ರಶ್ನೆಯನ್ನು ಕೇಳಲಾರಂಭಿಸಿದರೆ, ಮರಿ ಮಾರುವವರ ಮನೆಯಲ್ಲಿ ವಂಶಾವಳಿಯ ಪುಸ್ತಕವೊಂದು ತಾನಾಗಿ ತೆರೆಯುವುದು. ಹೋರಿಯ ಕುಲವನ್ನು ವಿಚಾರಿಸುವ ಬುದ್ಧಿಯನ್ನು ಮೀನಿಗೂ ಸಲ್ಲಿಸಿದರೆ, ವಿಜ್ಞಾನಿಗಳು ಮೂವತ್ತಕ್ಕೂ ಹೆಚ್ಚು ವರ್ಷ ಪಟ್ಟ ಶ್ರಮದ ಫಲವು ಊರ ಕೆರೆಯನ್ನು ಮುಟ್ಟುವುದರಲ್ಲಿ ಸಂದೇಹವಿಲ್ಲ.